ಮೂಡಲ ಕಾರ್ಬೊರೇಟರ್

ಪೆಟ್ರೋಲ್ ಹಾಕಿಸಲು ಎರಡು ಬಾಯಿ ಇರುವ ಕಾರನ್ನು ನೀವು ನೋಡಿರಲಿಕ್ಕಿಲ್ಲ. ನನ್ನ ತವರಿನಲ್ಲಿ ಒಂದಿದೆ. ಒಂದು ಬಾಯಿ ಎಲ್ಲ ಕಾರುಗಳಿಗಿರುವಂತೆ ಪಕ್ಕದಲ್ಲಿದೆ, ಅದರ ಬೀಗದ ಕೈ ನನ್ನ ಅಣ್ಣನ ಉಡಿದಾರದಲ್ಲಿ ನೇತಾಡುತ್ತದೆ. ಇನ್ನೊಂದು ಡಿಕ್ಕಿಯೊಳಗಿದೆ, ಅದರ ಬೀಗದ ಕೈ ನನ್ನ ತಮ್ಮನ ಉಡಿದಾರದಲ್ಲಿ. ಒಬ್ಬನಿಗೆ ಮೊಮ್ಮಕ್ಕಳಿದ್ದಾರೆ, ಇನ್ನೊಬ್ಬನ ಮೀಸೆ ಪೂರ್ತಿ ನರೆತಿದೆ. ಇಬ್ಬರಿಗೂ ತಲೆ ಕೆಟ್ಟಿಲ್ಲ. ಊರಿನಲ್ಲಿ ಯಾರದಾದರೂ ಜಗಳ ಬಿಡಿಸಲು ಕರೆದರೆ ಹೋಗಿ ನ್ಯಾಯ ಹೇಳಿ, ಕಾಫಿ ಕುಡಿದು ಬರುತ್ತಾರೆ.

ಈ ಇಬ್ಬರ ನಡುವೆ ಹುಟ್ಟಿದವಳು ನಾನು. ತವರು ನಂಜನಗೂಡು ತಾಲ್ಲೂಕಿನಲ್ಲಿ, ದೇವನೂರಿನ ಕಡೆ. ಮದುವೆಯಾಗಿ ಬಂದದ್ದು ನರಸೀಪುರಕ್ಕೆ. ಇಲ್ಲಿ ನಮ್ಮದೊಂದು ಹಿಟ್ಟಿನ ಮಿಲ್ಲಿದೆ. ನಮ್ಮ ಯಜಮಾನರು ರಾಗಿ ತೂಗಿ ಇಳಿಸಿಕೊಳ್ಳುತ್ತಾರೆ, ನಾನು ಮಿಷನ್ ಓಡಿಸುತ್ತೇನೆ. ಮಿಷನ್ನಿನ ಸದ್ದಿನಲ್ಲಿ ಮಾತಾಡಿ ಮಾತಾಡಿ ನನ್ನ ದನಿ ದೊಡ್ಡದಾಗಿದೆ. ಕೋಪ ಮಾತ್ರ ಮಿಲ್ಲಿಗೆ ಬರುವ ಮೊದಲಿನಿಂದಲೂ ಇತ್ತು, ಅದು ಅಪ್ಪನ ಕಡೆಯಿಂದ ಬಂದದ್ದು.

ಕಾರೂ ಅಪ್ಪನ ಕಡೆಯಿಂದಲೇ ಬಂದದ್ದು. ಮೈಸೂರಿನ ಒಬ್ಬ ಡಾಕ್ಟರು ಮಾರಲಿಟ್ಟಿದ್ದ ಹಳೆಯ ಕಾರನ್ನು ಅಪ್ಪ ಎತ್ತಿನ ಜೋಡಿ ನೋಡುವ ಹಾಗೆ ಸುತ್ತು ಹಾಕಿ ನೋಡಿ, ಬೆನ್ನು ತಟ್ಟಿ, ಟಯರಿಗೆ ಒದ್ದು, ಕೊಂಡು ತಂದಿದ್ದ. ಬಾನೆಟ್ ಎತ್ತಿದರೆ ಒಳಗೆ ಎರಡು ಕಾರ್ಬೊರೇಟರ್. ಪೆಟ್ರೋಲನ್ನೂ ಗಾಳಿಯನ್ನೂ ಹದವಾಗಿ ಬೆರೆಸಿ ಎಂಜಿನ್ನಿಗೆ ಉಣ್ಣಿಸುವ ಡಬ್ಬಿ ಅದು. ಊರಲ್ಲಿದ್ದ ಉಳಿದ ಗಾಡಿಗಳಿಗೆಲ್ಲ ಒಂದೊಂದೇ. ನಮ್ಮದಕ್ಕೆ ಮುಂದಿನೆರಡು ಸಿಲಿಂಡರಿಗೆ ಒಂದು, ಹಿಂದಿನೆರಡಕ್ಕೆ ಒಂದು. ಮನೆಗೆ ಯಾರೇ ಬರಲಿ, ಅಪ್ಪ ಬಾನೆಟ್ ಎತ್ತಿ "ಎರಡವೆ ನೋಡ್ರಪ್ಪ" ಎಂದು ತೋರಿಸುತ್ತಿದ್ದ. ಎರಡು ಗಂಡುಮಕ್ಕಳಿರುವುದನ್ನೂ ಅದೇ ದನಿಯಲ್ಲಿ ಹೇಳುತ್ತಿದ್ದ. ನನ್ನನ್ನು ಹಾಗೆ ಯಾರಿಗೂ ಎತ್ತಿ ತೋರಿಸಿದ ನೆನಪಿಲ್ಲ.

ಅಪ್ಪ ಹೋದ ಮೇಲೆ ಪಾಲಾಯಿತು. ನಮ್ಮ ಕಡೆ ಪಾಲೆಂದರೆ ಪಾಲೇ, ಅದರಲ್ಲಿ ದಾಕ್ಷಿಣ್ಯವಿಲ್ಲ. ಹಿರಿಯ ಭಾಗ ಮಾಡಬೇಕು, ಕಿರಿಯ ಮೊದಲು ಆರಿಸಿಕೊಳ್ಳಬೇಕು. ಮೂಡಲು ಪಡುವಲು ಎಂದು ಎರಡಾಗುವ ಕಡೆ ಮಾತ್ರ ಆರಿಸುವ ಮಾತಿಲ್ಲ, ಮೂಡಲದು ಯಾವಾಗಲೂ ಹಿರಿಯನಿಗೆ. ಗದ್ದೆ, ಹೊಲ, ಮನೆ ಎಲ್ಲ ಹಾಗೇ ಹಂಚಿಕೆಯಾಯಿತು. ತೊಟ್ಟಿಯ ನಡುವೆ ಗೋಡೆ ಎದ್ದಿತು. ಒರಳುಕಲ್ಲು ಅಣ್ಣನ ಪಾಲಿಗೂ ಅದರ ಗುಂಡು ತಮ್ಮನ ಪಾಲಿಗೂ ಹೋದವು. ಅತ್ತಿಗೆ, ತಮ್ಮನ ಹೆಂಡತಿ ಇಬ್ಬರ ಹತ್ತಿರವೂ ಮಿಕ್ಸಿ ಇದ್ದುದರಿಂದ ಯಾರ ಸಾರೂ ಕೆಡಲಿಲ್ಲ. ಆ ಹೆಂಗಸರಿಬ್ಬರೂ ಗೋಡೆಯ ಮೇಲಿಂದ ಪಲ್ಯದ ಬಟ್ಟಲು ಬದಲಾಯಿಸಿಕೊಂಡು ಇವತ್ತಿಗೂ ಚೆನ್ನಾಗಿಯೇ ಇದ್ದಾರೆ.

ಕಾರೊಂದು ಉಳಿಯಿತು. "ಅವನಿಗೆ ಕೊಡೋದಾದ್ರೆ ಒಳೆಗೆ ತಳ್ಬುಡಿ" ಎಂದು ಅಣ್ಣ ಹೇಳಿದ. ತಮ್ಮನನ್ನು ಕೇಳಿದರೆ ಅವನೂ ಅದನ್ನೇ ಹೇಳಿದ, ಹೊಳೆ ಕೂಡ ಅದೇ. ಕೊನೆಗೆ ಒಂದು ವಾರ ಅಣ್ಣ, ಒಂದು ವಾರ ತಮ್ಮ ಎಂದಾಯಿತು. ಅಣ್ಣ ತನ್ನ ವಾರ ಮುಗಿಸಿ ಕಾರನ್ನು ಬರಿಹೊಟ್ಟೆಯಲ್ಲಿ ನಿಲ್ಲಿಸಿದ. ತಮ್ಮ ನೋಡದೆ ಹೊರಟು, ಬನ್ನೂರಿನ ಮದುವೆಯೊಂದಕ್ಕೆ ಹೋಗುವಾಗ ರೇಷ್ಮೆ ಸೀರೆಯುಟ್ಟ ಹೆಂಡತಿಯೊಂದಿಗೆ ಗದ್ದೆ ಬಯಲಿನಲ್ಲಿ ನಿಂತ. ತನ್ನ ವಾರ ಮುಗಿದಾಗ ಟ್ಯಾಂಕಿನಲ್ಲಿ ಉಳಿದಿದ್ದ ಪೆಟ್ರೋಲನ್ನೆಲ್ಲ ಬಸಿದು ಕೊಡದಲ್ಲಿಟ್ಟುಕೊಂಡ. ಅಂದಿನಿಂದ ಅವರಿಬ್ಬರಲ್ಲಿ ಮಾತು ನಿಂತಿತು.

ಅವರು ಮಾತು ಬಿಟ್ಟರೆ ನನಗೇನು ಎಂದು ನೀವು ಕೇಳಬಹುದು. ಗೌರಿ ಹಬ್ಬ ಬರುವವರೆಗೆ ನಾನೂ ಹಾಗೇ ಅಂದುಕೊಂಡಿದ್ದೆ. ಹಬ್ಬಕ್ಕೆ ತವರಿನಿಂದ ಹೆಣ್ಣುಮಗಳಿಗೆ ಬಾಗಿನ ಬರಬೇಕು. ಒಂದು ಮೊರದ ತುಂಬ ಅಕ್ಕಿ, ಬೇಳೆ, ಬೆಲ್ಲ, ಬಳೆ, ರವಿಕೆ ಕಣ, ಅದರ ಮೇಲೆ ಇನ್ನೊಂದು ಮೊರ ಮುಚ್ಚಿರಬೇಕು. ಅಪ್ಪನಿದ್ದಾಗಿನಿಂದಲೂ ಅಣ್ಣ ತಮ್ಮ ಇಬ್ಬರೂ ಆ ಕಾರಿನಲ್ಲಿ ಬಂದು ಕೊಟ್ಟು, ಒಬ್ಬಟ್ಟು ತಿಂದು, ಮಿಲ್ಲಿನ ಚೀಲಗಳ ಮೇಲೆ ಮಲಗಿ ಗೊರಕೆ ಹೊಡೆದು ಸಂಜೆಗೆ ಹೊರಡುತ್ತಿದ್ದರು. ಮಾತು ಬಿಟ್ಟ ವರ್ಷ ಇಬ್ಬರೂ ಬರಲಿಲ್ಲ. ಅಣ್ಣನ ಮೊರ ಹಾಲಿನ ವ್ಯಾನಿನವನ ಕೈಯಲ್ಲಿ ಬಂತು, ತುಂಬಿತ್ತು, ಮುಚ್ಚಳವಿರಲಿಲ್ಲ. ತಮ್ಮನ ಮೊರ ಮಾರನೆಯ ದಿನ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಬಂತು, ಖಾಲಿ. ಅದು ಮುಚ್ಚಳ. ಅವನ ಪಾಲಿಗೆ ಬಂದದ್ದು ಅದೇ ಎಂದು ಅವನು ನಿಯತ್ತಾಗಿ ಅದನ್ನೇ ಕಳಿಸಿದ್ದ.

ನಮ್ಮ ಯಜಮಾನರು ನಕ್ಕರು. ನಾನು ಮಿಷನ್ ಹಾಕಿ, ಯಾರಿಗೂ ಕೇಳದ ಹಾಗೆ ಅತ್ತೆ. ತವರು ಎನ್ನುವುದು ಮನೆಯಲ್ಲ, ಹೊಲವಲ್ಲ. ಅಣ್ಣ ತಮ್ಮ ಇಬ್ಬರೂ ಒಟ್ಟಿಗೆ ಬಾಗಿಲಲ್ಲಿ ನಿಂತು ನನ್ನ ಹೆಸರು ಹಿಡಿದು ಕೂಗುವುದು ನನಗೆ ತವರು. ಅದು ಹೋಯಿತಲ್ಲ ಎನ್ನುವ ಸಂಕಟಕ್ಕೆ ಅತ್ತೆ. ಅವತ್ತು ರಾಗಿ ಬೀಸಿಸಿಕೊಂಡವರಿಗೆ ಹಿಟ್ಟು ಸ್ವಲ್ಪ ದಪ್ಪಗೆ ಬಿದ್ದಿರಬೇಕು.

ಆಮೇಲೆ ಪೈಪು ಕೆಟ್ಟಿತು. ಟ್ಯಾಂಕಿನಿಂದ ಕಾರ್ಬೊರೇಟರಿಗೆ ಪೆಟ್ರೋಲ್ ಒಯ್ಯುವ ರಬ್ಬರ್ ಪೈಪು ಮೆತ್ತಗಾಗಿ, ಉಬ್ಬಿ, ಜಿನುಗತೊಡಗಿತು. ಕೊಟ್ಟಿಗೆಯಲ್ಲಿ ದೀಪ ಹಚ್ಚಲು ಹೆದರುವಷ್ಟು ವಾಸನೆ. ನಂಜನಗೂಡು ಬಸ್ ಸ್ಟ್ಯಾಂಡಿನ ಹಿಂದಿನ ಒಬ್ಬ ಮೆಕ್ಯಾನಿಕ್ ಬಂದು ನೋಡಿ, ಈಗಿನ ಪೆಟ್ರೋಲಿಗೆ ಕಬ್ಬಿನ ಸ್ಪಿರಿಟ್ಟು ಬೆರೆಸುತ್ತಾರೆ, ಹಳೆ ರಬ್ಬರನ್ನು ಅದು ತಿನ್ನುತ್ತದೆ ಎಂದ. ಅಣ್ಣ ತಮ್ಮ ಇಬ್ಬರೂ ಬೆಳೆಯುವುದು ಕಬ್ಬೇ. ಹೊಲದಲ್ಲಿ ಮೈಮುರಿದು ಬೆಳೆದದ್ದು ಕೊಟ್ಟಿಗೆಗೆ ವಾಪಸ್ಸು ಬಂದು ನಮ್ಮದೇ ಪೈಪನ್ನು ತಿಂದಿತ್ತು. ಇದಕ್ಕೂ ಒಬ್ಬರ ಮೇಲೊಬ್ಬರು ಹೇಳಿಕೊಂಡರು, ಅವನ ಕಬ್ಬೇ ಇರಬೇಕು ಎಂದು.

ಹೊಸ ಪೈಪು ಹಾಕುವ ದಿನ ನಾನೂ ಹೋಗಿದ್ದೆ. ಭೂಮಿಯ ಪಾಲು ಮಾಡಿದ್ದ ನಮ್ಮ ದೊಡ್ಡಪ್ಪ ಕೊಟ್ಟಿಗೆಯ ಜಗಲಿಯ ಮೇಲೆ ಕೂತಿದ್ದ. ಮೆಕ್ಯಾನಿಕ್ ಬಾನೆಟ್ ಎತ್ತಿ, ಏನೂ ತಿಳಿಯದ ಅಮಾಯಕ, ಒಂದು ಮಾತು ಆಡಿಬಿಟ್ಟ.

"ಇದ್ಕೆ ಎರಡು ಕಾರ್ಬೊರೇಟರ್ ಅವೆ ಯಜಮಾನ್ರೇ. ಪೈಪು ಇಲ್ಲಿ ಕವಲೊಡ್ದು ಎರಡಕ್ಕೂ ಓಯ್ತದೆ."

ಅಣ್ಣ ಬಗ್ಗಿ ನೋಡಿದ. ತಮ್ಮ ಆ ಕಡೆಯಿಂದ ಬಗ್ಗಿ ನೋಡಿದ. ಅಪ್ಪ ಸಾವಿರ ಸಲ ತೋರಿಸಿದ್ದನ್ನು ಅವತ್ತೇ ಮೊದಲ ಸಲ ನೋಡಿದವರ ಹಾಗಿತ್ತು ಇಬ್ಬರ ಮುಖವೂ.

"ಕವಲು ಯಾಕೆ ಒಡೀಬೇಕು?" ಎಂದ ಅಣ್ಣ, ದೊಡ್ಡಪ್ಪನ ಕಡೆ ತಿರುಗಿ. "ಮೊದಲಿಂದ್ಲೇ ಬ್ಯಾರೆ ಬ್ಯಾರೆ ಬಂದ್ರಾಯ್ತಲ್ಲ. ನನ್ ಪೆಟ್ರೋಲು ನಂದ್ರಲ್ಲಿ, ಅವನ್ದು ಅವನ್ದ್ರಲ್ಲಿ."

ಮೆಕ್ಯಾನಿಕ್ ನಗೆಚಾಟಿಕೆ ಎಂದುಕೊಂಡು ನಕ್ಕ. ಯಾರೂ ನಗದಿದ್ದಾಗ ಅವನೂ ನಿಲ್ಲಿಸಿದ. ದೊಡ್ಡಪ್ಪನಿಗೆ ಎಂಜಿನ್ನಿನ ಗಂಧವೂ ಗೊತ್ತಿರಲಿಲ್ಲ. ಆದರೆ ಎರಡಿದೆ ಎಂದ ಮೇಲೆ ಹಂಚಬಹುದು ಎನ್ನುವುದು ಗೊತ್ತಿತ್ತು. ಹೆಗಲ ಟವೆಲ್ ಕೊಡವಿ ಎದ್ದು ಬಂದು, ಕಾರು ಮೂಡಲಿಗೆ ಮುಖ ಮಾಡಿ ನಿಂತದ್ದನ್ನು ನೋಡಿ, "ಮೂಡ್ಲ ಕಾರ್ಬೊರೇಟರ್ ಇರೀಕನ್ಗೆ. ಪಡುವ್ಲದು ಕಿರೀಕನ್ಗೆ" ಎಂದು ಹೇಳಿದ. ಅಂದರೆ ಮುಂದಿನದು ಅಣ್ಣನಿಗೆ, ಹಿಂದಿನದು ತಮ್ಮನಿಗೆ.

ತಮ್ಮ ಒಪ್ಪಲಿಲ್ಲ. "ದೊಡ್ಡಪ್ಪ, ಕಾರು ತಿರುಗಿ ವಾಪಸ್ ಬರುವಾಗ ನಂದು ಮೂಡ್ಲಾಯ್ತದಲ್ಲ. ಆಗ ಎಂಗೆ?"

ಈ ಪ್ರಶ್ನೆಗೆ ದೊಡ್ಡಪ್ಪ ಎರಡು ಎಲೆಯಡಿಕೆ ಮುಗಿಯುವಷ್ಟು ಹೊತ್ತು ಯೋಚಿಸಿದ. ಬದುವಿನ ಕಲ್ಲು ತಿರುಗುವುದಿಲ್ಲ, ಬಾವಿ ತಿರುಗುವುದಿಲ್ಲ, ತಿರುಗುವ ಆಸ್ತಿಯನ್ನು ಅವನು ಈವರೆಗೆ ಹಂಚಿರಲಿಲ್ಲ. ಕೊನೆಗೆ, ಕೊಟ್ಟಿಗೆಯಲ್ಲಿ ನಿಂತ ಹಾಗೇ ಲೆಕ್ಕ, ಹೊರಗೆ ಅದು ಯಾವ ದಿಕ್ಕಿಗಾದರೂ ಹೋಗಲಿ ಎಂದು ತೀರ್ಪು ಕೊಟ್ಟ. ಆದರೆ ಕೊಟ್ಟಿಗೆಗೆ ಬಂದ ಮೇಲೆ ಮೂಡಲಿಗೇ ಮುಖ ಮಾಡಿ ನಿಲ್ಲಿಸಬೇಕು, ರಿವರ್ಸ್ ಹಾಕಿ ಒಳಗೆ ತರುವಂತಿಲ್ಲ. ಈ ಕಟ್ಟಳೆಯನ್ನು ಇವತ್ತಿನವರೆಗೂ ಯಾರೂ ಮುರಿದಿಲ್ಲ.

ಇನ್ನು ಪೈಪಿನ ದಾರಿ. ಹಿರಿಯ ಭಾಗ ಮಾಡಬೇಕಲ್ಲ, ಅಣ್ಣ ಸೀಮೆಸುಣ್ಣ ತೆಗೆದುಕೊಂಡು ಎಂಜಿನ್ ಕೋಣೆಯೊಳಗೆ ಎರಡು ಗೆರೆ ಎಳೆದ. ಒಂದು ಪಕ್ಕದ ತಗಡಿಗೆ ಅಂಟಿಕೊಂಡು, ಸುತ್ತಿ ಬಳಸಿ, ಬ್ಯಾಟರಿಯ ಹಿಂದಿನಿಂದ ಬರುವ ಉದ್ದದ ದಾರಿ. ಇನ್ನೊಂದು ನೇರ. ಆದರೆ ಸೈಲೆನ್ಸರಿಗೆ ಹೋಗುವ ಬಿಸಿ ಕೊಳವೆಯ ಪಕ್ಕದಲ್ಲೇ ಹಾಯುತ್ತಿತ್ತು. ತಮ್ಮ ಎರಡನ್ನೂ ದಾರದಿಂದ ಅಳೆದು ನೋಡಿದ. ಹೊಲಕ್ಕೆ ಬಂಡಿದಾರಿ ಬಿಡಿಸಿಕೊಳ್ಳುವಾಗ ನಮ್ಮವರು ಏನು ನೋಡುತ್ತಾರೋ ಅದನ್ನೇ ನೋಡಿದ.

"ನೇರ ಇರೋದು ನಂಗೆ" ಎಂದ.

"ಸಾ, ಅದು ಬ್ಯಾಡ" ಎಂದ ಮೆಕ್ಯಾನಿಕ್. "ಸೈಲೆನ್ಸರ್ ಕಾವಿಗೆ ಪೈಪಲ್ಲೇ ಪೆಟ್ರೋಲ್ ಕುದ್ದೋಯ್ತದೆ. ಗಾಡಿ ನಿಂತ್ಕತದೆ."

ತಮ್ಮ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ನಮ್ಮಣ್ಣ ನಿಂಗೆ ಏನ್ ಯೋಳ್ಕೊಟ್ಟವ್ನೆ?" ಎಂದು ಕೇಳಿದ. ಮೆಕ್ಯಾನಿಕ್ ನನ್ನ ಮುಖ ನೋಡಿದ. ಹಾಕಪ್ಪ, ಅವರು ಹೇಳಿದ ಹಾಗೆ ಹಾಕು ಎಂದೆ. ಡಿಕ್ಕಿಯಲ್ಲಿ ಹಳೆಯ ಆಟೋ ಒಂದರ ಟ್ಯಾಂಕ್ ಕೂರಿಸಿ ಅದನ್ನು ತಮ್ಮನಿಗೆ ಮಾಡಿದರು. ಒಂದೊಂದು ಪೈಪಿಗೂ ಒಂದೊಂದು ಕರೆಂಟ್ ಪಂಪು. ಕೀ ತಿರುಗಿಸಿದರೆ ಎರಡೂ ಟಿಕಟಿಕ ಎನ್ನುತ್ತಿದ್ದವು, ಒಂದರ ಜೊತೆ ಒಂದು ಹೊಂದದೆ.

ಇದಾದ ಮೇಲೆ ನಡೆದದ್ದನ್ನು ಯಾರೂ ಎಣಿಸಿರಲಿಲ್ಲ, ದೊಡ್ಡಪ್ಪನಂತೂ ಇಲ್ಲವೇ ಇಲ್ಲ. ಒಂದು ಕಡೆ ಪೆಟ್ರೋಲ್ ಇಲ್ಲದಿದ್ದರೆ ಎಂಜಿನ್ ಅರ್ಧವೇ ಓಡುತ್ತದೆ. ಎರಡು ಸಿಲಿಂಡರಿನಲ್ಲಿ ಕಾರು ಚಳಿಜ್ವರ ಬಂದ ಹಾಗೆ ನಡುಗುತ್ತದೆಯೇ ಹೊರತು ಏರು ಹತ್ತುವುದಿಲ್ಲ. ಹಾಗಾಗಿ ಒಬ್ಬ ಹೊರಟರೆ ಇನ್ನೊಬ್ಬನ ಪೆಟ್ರೋಲೂ ಖರ್ಚಾಗುತ್ತದೆ. ತನ್ನ ಪೆಟ್ರೋಲ್ ಎಲ್ಲಿಗೆ ಹೋಗುತ್ತದೆಂದು ನೋಡಿಕೊಳ್ಳಲು ಆ ಇನ್ನೊಬ್ಬನೂ ಹೊರಟ. ಅಣ್ಣ ಹಲ್ಲು ಕೀಳಿಸಲು ನಂಜನಗೂಡಿಗೆ ಹೋದರೆ ತಮ್ಮ ಹಿಂದಿನ ಸೀಟಿನಲ್ಲಿ. ತಮ್ಮ ಬೀಗರ ಮನೆಗೆ ಹೋದರೆ ಅಣ್ಣ ಅಲ್ಲಿ ಹೋಗಿ ಮುಖ ಊದಿಸಿಕೊಂಡು ಹೋಳಿಗೆ ತಿಂದು ಬಂದ. ಪಾಲಾಗುವ ಮೊದಲು ತಿಂಗಳಿಗೊಮ್ಮೆ ಒಟ್ಟಿಗೆ ಹೋಗುತ್ತಿದ್ದವರು ಈಗ ಒಬ್ಬರನ್ನೊಬ್ಬರು ಬಿಟ್ಟು ಊರ ಗಡಿ ದಾಟುತ್ತಿರಲಿಲ್ಲ. ಅಣ್ಣನಿಗೆ ಒಂದು ಬಂಕಿನ ಮೇಲೆ ನಂಬಿಕೆ, ತಮ್ಮನಿಗೆ ಅದರ ಎದುರಿನದರ ಮೇಲೆ. ಕಾರು ರಸ್ತೆಯ ಈಚೆ ಒಮ್ಮೆ, ಆಚೆ ಒಮ್ಮೆ ನಿಲ್ಲುತ್ತಿತ್ತು. ಮಾತು ಮಾತ್ರ ಇಲ್ಲ.

ಆ ವರ್ಷದ ಗೌರಿ ಹಬ್ಬಕ್ಕೆ ಇಬ್ಬರೂ ಹೊರಟರು. ನನಗೆ ಗೊತ್ತಾದದ್ದು ಫೋನ್ ಬಂದಾಗ. ಸುತ್ತೂರು ದಾಟಿ ಒಂದಿಷ್ಟು ದೂರ ಬಂದು ನಿಂತಿದ್ದರು.

"ಅಮ್ಮಿ," ಅಣ್ಣನ ದನಿ. "ಅವನ್ಗೆ ಯೋಳು, ಅವನ ಕಡೇದು ನಿಂತೋಯ್ತು ಅಂತ."

"ಎಲ್ಲವ್ನೆ ಅವ್ನು?"

"ಇಲ್ಲೇ, ಪಕ್ಕದಲ್ಲಿ ಕುಂತವ್ನೆ."

ಅಷ್ಟರಲ್ಲಿ ನಮ್ಮ ಯಜಮಾನರ ಫೋನ್ ಹೊಡೆದುಕೊಂಡಿತು. ತಮ್ಮ. "ಅಕ್ಕ, ನಂಗೂ ಕಿವಿ ಕೇಳಿಸ್ತದೆ ಅಂತ ಯೋಳು ಅವನ್ಗೆ. ಪೈಪು ಕಾದದೆ. ತಣ್ಣಗಾಗ್ಲಿ."

"ನೇರ ದಾರಿ ಬೇಕು ಅಂದಿದ್ದು ಯಾರು ಅಂತ ಕೇಳು" ಎಂದಿತು ಈ ಕಿವಿಯ ಫೋನು.

"ಗೆರೆ ಎಳ್ದಿದ್ದು ಯಾರು ಅಂತ ಕೇಳು" ಎಂದಿತು ಆ ಕಿವಿಯದು.

ನನ್ನ ಮುಂದೆ ರಾಗಿ ಚೀಲ ಹಿಡಿದುಕೊಂಡು ಜನ ನಿಂತಿದ್ದರು, ಹಬ್ಬದ ಬೆಳಿಗ್ಗೆ, ಒಳಗೆ ಬೇಳೆ ಬೇಯುತ್ತಿತ್ತು. ಎರಡೂ ಫೋನುಗಳನ್ನು ಸ್ಪೀಕರಿಗೆ ಹಾಕಿ, ರಾಗಿ ಚೀಲದ ಮೇಲೆ ಎದುರುಬದುರಾಗಿ ಒರಗಿಸಿ, ನೀವೇ ಮಾತಾಡಿಕೊಳ್ಳಿ ಎಂದು ಮಿಷನ್ ಹಾಕಿದೆ. ಒಂದೇ ಸೀಟಿನಲ್ಲಿ ಕೂತಿದ್ದ ಅಣ್ಣ ತಮ್ಮ ನರಸೀಪುರದ ರಾಗಿ ಚೀಲದ ಮೇಲಿಂದ ಒಬ್ಬರಿಗೊಬ್ಬರು ಬೈದುಕೊಂಡರು. ತಮ್ಮ ನಾಲೆಯಲ್ಲಿ ಟವೆಲ್ ಅದ್ದಿ ತಂದು ಪೈಪಿಗೆ ಸುತ್ತಿದ ಮೇಲೆ ಗಾಡಿ ಹೊರಟಿತಂತೆ. ಬಾಗಿಲಲ್ಲಿ ಇಬ್ಬರೂ ನಿಂತು, ಬೇರೆ ಬೇರೆ ದಿಕ್ಕಿಗೆ ನೋಡುತ್ತ, ನನ್ನ ಹೆಸರು ಹಿಡಿದು ಕೂಗಿದರು. ತುಂಬಿದ ಮೊರ ಅಣ್ಣನ ಕೈಯಲ್ಲಿ, ಮುಚ್ಚಳ ತಮ್ಮನ ಕೈಯಲ್ಲಿ. ಒಬ್ಬ ಕೊಟ್ಟ, ಇನ್ನೊಬ್ಬ ಮುಚ್ಚಿದ. ನನಗೆ ಆದ ಸಂತೋಷವನ್ನು ಮುಚ್ಚಿಡಲು ಇಬ್ಬರನ್ನೂ ಚೆನ್ನಾಗಿ ಬೈದೆ.

ಮರುವರ್ಷ ಮತ್ತೆ ಬಂದರು, ಆ ಸಲ ಕೆಟ್ಟದ್ದು ಅಣ್ಣನ ಪಾಲು. ಹಬ್ಬದ ದಿನ ಅವನ ಬಂಕು ಮುಚ್ಚಿತ್ತು. ಎದುರಿನ ಬಂಕು ತೆರೆದಿತ್ತು, ಆದರೆ ಅದು ತಮ್ಮನ ಬಂಕು, ಅಲ್ಲಿ ಹಾಕಿಸಿದರೆ ಮರ್ಯಾದೆ ಏನಾಗಬೇಕು? ಇದ್ದಷ್ಟರಲ್ಲೇ ಹೊರಟ. ನರಸೀಪುರ ಇನ್ನೇನು ಬಂತು ಎನ್ನುವಲ್ಲಿ ನಾಲೆಯ ಮೇಲೆ ಒಂದು ಏರು ಸಿಗುತ್ತದೆ. ಅದರ ಬುಡದಲ್ಲಿ ಅಣ್ಣನ ಟ್ಯಾಂಕ್ ಒಣಗಿತು. ಮುಂದಿನೆರಡು ಸಿಲಿಂಡರ್ ಸತ್ತು, ಹಿಂದಿನೆರಡರಲ್ಲಿ ಕಾರು ನಡುಗುತ್ತ ಏರಿನ ಅರ್ಧಕ್ಕೆ ಹೋಗಿ, ಹಿಂದಕ್ಕೆ ಜಾರಿ ಬಂತು. ಕಬ್ಬಿನ ಟ್ರ್ಯಾಕ್ಟರಿನವರು ಹಾರನ್ ಹೊಡೆದು ಬೈದು ಹೋದರು.

ಈ ಸಲ ನಾನು ಫೋನಿನಲ್ಲಿ ಪಂಚಾಯಿತಿ ಮಾಡಲಿಲ್ಲ. ಉಟ್ಟಿದ್ದ ರೇಷ್ಮೆ ಸೀರೆಯಲ್ಲೇ, ಕೈಗೆ ಕಟ್ಟಿದ್ದ ಗೌರಿ ದಾರದಲ್ಲೇ ಸ್ಕೂಟರ್ ಹತ್ತಿ ಹೋದೆ. ಅಣ್ಣ ಹೊಂಗೆ ಮರದ ಕೆಳಗೆ ಕೂತಿದ್ದ. ತಮ್ಮ ಕಾರಿನ ಆಚೆ ನಿಂತು ಗದ್ದೆ ನೋಡುತ್ತಿದ್ದ. ಡಿಕ್ಕಿಯ ಟ್ಯಾಂಕಿನಲ್ಲಿ ಪೆಟ್ರೋಲ್ ತುಂಬಿತ್ತು. ಒಂದು ಪೈಪು ಹಾಕಿ ಅದರಿಂದ ಇದಕ್ಕೆ ಎಳೆದುಕೊಂಡರೆ ಮುಗಿಯುವ ಕೆಲಸ. ಅಣ್ಣ ಕೇಳುವುದಿಲ್ಲ, ಕೇಳದೆ ತಮ್ಮ ಕೊಡುವುದಿಲ್ಲ.

"ಎಷ್ಟೊತ್ತಿಂದ ಇಂಗೆ ನಿಂತಿದ್ದೀರಾ?" ಎಂದೆ. ಅಣ್ಣ ಮರ ನೋಡಿದ, ತಮ್ಮ ಗದ್ದೆ ನೋಡಿದ. ನನಗೆ ನೆತ್ತಿಗೇರಿತು. "ಆಯ್ತು ಬುಡಿ. ನಾನೇ ಬಾಯಾಕಿ ಎಳೀತೀನಿ" ಎಂದು ಡಿಕ್ಕಿಯಲ್ಲಿದ್ದ ತುಂಡು ಪೈಪು ತೆಗೆದುಕೊಂಡು ಸೆರಗು ಸಿಕ್ಕಿಸಿದೆ.

ಗೌರಿ ಹಬ್ಬದ ದಿನ, ಬಾಗಿನ ತಂದ ಅಣ್ಣ ತಮ್ಮಂದಿರ ಎದುರು, ಹೆಣ್ಣುಮಗಳು ನಡುರಸ್ತೆಯಲ್ಲಿ ಪೆಟ್ರೋಲ್ ಬಾಯಿಗೆ ಎಳೆದುಕೊಳ್ಳುವುದು ಅವರಿಬ್ಬರಿಗೂ ತಡೆದುಕೊಳ್ಳುವಂಥದ್ದಾಗಿರಲಿಲ್ಲ. ತಮ್ಮ ಓಡಿ ಬಂದು ಉಡಿದಾರದಿಂದ ಬೀಗದ ಕೈ ಬಿಚ್ಚಿ, ಟ್ಯಾಂಕಿನ ಬಾಯಿ ತೆರೆದು, ಕೆಳಗೊಂದು ಕ್ಯಾನಿಟ್ಟ. ಅಣ್ಣ ನನ್ನ ಕೈಯಿಂದ ಪೈಪು ಕಿತ್ತುಕೊಂಡು, ತುದಿಯನ್ನು ಬಾಯಿಗಿಟ್ಟು ದಮ್ಮು ಕಟ್ಟಿ ಎಳೆದ. ಅಭ್ಯಾಸವಿರಲಿಲ್ಲ. ಹೆಚ್ಚೇ ಎಳೆದ. ಬಾಯಿ ತುಂಬ ಪೆಟ್ರೋಲ್ ಬಂದು, ಉಗಿದು, ಕೆಮ್ಮಿ, ಕಣ್ಣಲ್ಲಿ ನೀರು ಬಂತು. ಪೆಟ್ರೋಲ್ ಮಾತ್ರ ತಮ್ಮನ ಟ್ಯಾಂಕಿನಿಂದ ಕೆಳಗಿಟ್ಟ ಕ್ಯಾನಿಗೆ ಸೊರಸೊರ ಇಳಿಯತೊಡಗಿತು.

"ಥೂ," ಎಂದ ಅಣ್ಣ, ಬಾಯಿ ಒರೆಸಿಕೊಂಡು, ತಮ್ಮನ ಮುಖ ನೋಡಿ. "ನಿಂದೂ ಅದೇ ರುಚಿ ಕಣ್ಲಾ."

ಫೋನಿನ ಬೈಗುಳ ಬಿಟ್ಟರೆ, ಇಷ್ಟು ವರ್ಷಗಳಲ್ಲಿ ಅವರಿಬ್ಬರ ನಡುವೆ ಮುಖಾಮುಖಿ ಆದ ಮೊದಲ ಮಾತು ಅದು. ತಮ್ಮ ಕಾರಿನ ಬಾಗಿಲು ತೆಗೆದ. ಕಾರಿನೊಳಗಿನ ಬಾಗಿನದ ಮೊರ ತೆಗೆದು, ಬೆಲ್ಲದ ಉಂಡೆ ಒಡೆದು ಅಣ್ಣನ ಮುಂದೆ ಹಿಡಿದ. "ತಗೋ, ಬಾಯ್ಗಾಕೊ" ಎಂದ. ಆಮೇಲೆ ಇಬ್ಬರೂ ನಗಲು ಶುರು ಮಾಡಿ, ನಾಲೆ ಏರಿಯ ಮೇಲೆ ಹೊಟ್ಟೆ ಹಿಡಿದುಕೊಂಡು ಕೂತರು. ನಾನು ಬೆಲ್ಲವಿಲ್ಲದ ಬಾಗಿನ ತೆಗೆದುಕೊಂಡೆ. ಅಷ್ಟು ಒಳ್ಳೆಯ ಬಾಗಿನ ಅಪ್ಪನಿದ್ದಾಗಲೂ ಬಂದಿರಲಿಲ್ಲ.

ಕತೆ ಇಲ್ಲಿಗೇ ಮುಗಿದಿದ್ದರೆ ನಾನು ಇದನ್ನು ಬರೆಯಲು ಕೂರುತ್ತಿರಲಿಲ್ಲ. ಮಾತು ಬಂದ ಮೇಲೆ ಇಬ್ಬರೂ ನಂಜನಗೂಡಿನ ಅದೇ ಮೆಕ್ಯಾನಿಕ್ ಹತ್ತಿರ ಹೋಗಿ, ಎರಡು ಪೈಪಿಗೂ ನಡುವೆ ಒಂದು ಜಾಯಿಂಟ್ ಹಾಕಿಸಿದರು. ತಮ್ಮನ ಪೈಪನ್ನು ಸೈಲೆನ್ಸರ್ ಪಕ್ಕದಿಂದ ಬಿಡಿಸಿ ತಂಪಾದ ದಾರಿಗೆ ತಿರುಗಿಸಿದರು. ಈಗ ಯಾವ ಟ್ಯಾಂಕಿನ ಪೆಟ್ರೋಲಾದರೂ ಎರಡು ಕಾರ್ಬೊರೇಟರಿಗೂ ಹೋಗುತ್ತದೆ. ಯಾರು ಬೇಕಾದರೂ ಒಬ್ಬರೇ ಕಾರು ತೆಗೆದುಕೊಂಡು ಹೋಗಬಹುದು. ಬೀಗದ ಕೈಗಳು ಅಭ್ಯಾಸಕ್ಕೆ ಉಡಿದಾರದಲ್ಲಿ ಉಳಿದವು. ನಾನೂ ಖುಷಿಪಟ್ಟೆ, ದೇವರ ಮುಂದೆ ತುಪ್ಪದ ದೀಪ ಹಚ್ಚಿದೆ.

ಅದರ ಮುಂದಿನ ಗೌರಿಗೆ ಅಣ್ಣ ಒಬ್ಬನೇ ಬಂದ. ಎರಡು ಮೊರವನ್ನೂ ಅವನೇ ಹಿಡಿದಿದ್ದ.

"ಅವ್ನೆಲ್ಲಿ?" ಎಂದೆ.

"ಮಾತಾಡ್ಕೊಂಡಿದೀವಿ ಕಣಮ್ಮಿ," ಎಂದ ಅಣ್ಣ, ಬಹಳ ಹೆಮ್ಮೆಯಿಂದ. "ಈ ವರ್ಸ ನಾನು ಬರೋದು, ಮುಂದಿನ ವರ್ಸ ಅವ್ನು ಬರೋದು. ಇಬ್ರೂ ಬಂದು ಎಲ್ರ ಕೆಲ್ಸ ಯಾಕೆ ಕೆಡುಸ್ಕೊಬೇಕು ಅಂತ."

ಜಗಳವಾಡಿಕೊಂಡು ಇಬ್ಬರೂ ಬರುತ್ತಿದ್ದವರು, ರಾಜಿಯಾಗಿ ಸರದಿ ಹಾಕಿಕೊಂಡಿದ್ದರು. ಅಣ್ಣ ಒಬ್ಬಟ್ಟು ತಿಂದು, ಚೀಲದ ಮೇಲೆ ಮಲಗದೆ, ಗಡಿಯಾರ ನೋಡಿ ಹೊರಟ. ಸಂಜೆ ತಮ್ಮ ಫೋನ್ ಮಾಡಿ ಹಬ್ಬ ಹೇಗಾಯಿತೆಂದು ವಿಚಾರಿಸಿದ. ಚೆನ್ನಾಗಾಯಿತು ಎಂದೆ. ಫೋನಿಟ್ಟು, ಉಳಿದ ಒಬ್ಬಟ್ಟನ್ನೆಲ್ಲ ಡಬ್ಬಿಗೆ ತುಂಬಿದೆ. ಮೊದಲು ದಿನಕ್ಕೆ ನಾಲ್ಕು ಸಲ ಫೋನ್ ಬರುತ್ತಿತ್ತು, ಅವನಿಗೆ ಹೇಳು, ಇವನಿಗೆ ಹೇಳು ಎಂದು. ಈಗ ಅವರಿಬ್ಬರೇ ಮಾತಾಡಿಕೊಳ್ಳುತ್ತಾರೆ, ಗೋಡೆಯಲ್ಲಿ ಒಂದು ಬಾಗಿಲನ್ನೂ ಇಟ್ಟುಕೊಂಡಿದ್ದಾರೆ. ಅವರು ಚೆನ್ನಾಗಿರುವುದು ನನಗೆ ಬೇಡವೇ? ಬೇಕು. ಆದರೆ ನನ್ನ ತವರು ಅರ್ಧರ್ಧವಾಗಿ ಬರುವುದು ನನಗೆ ಬೇಡ. ಎರಡು ಸಿಲಿಂಡರಿನಲ್ಲಿ ಓಡುವ ಹಬ್ಬ ನನಗೆ ಬೇಡ.

ಒಂದು ವಾರ ಕಾದು ಅಣ್ಣನಿಗೆ ಫೋನ್ ಮಾಡಿದೆ. "ಆ ಪೈಪಿನ ಇಚಾರ ಒಂದು ಕೂತ್ಕೊಂಡು ಮಾತಾಡ್ಬೇಕು ಕಣಣ್ಣ. ಯಾವ ಪಾಲು ಯಾರ್ದು ಅಂತ ಇನ್ನೊಂದ್ಸಲ ನೋಡ್ಬೇಕು."

"ಯಾಕೆ? ಅವನೇನಾರ ಅಂದ್ನಾ?" ಅಣ್ಣನ ದನಿ ಆಗಲೇ ಚುರುಕಾಗಿತ್ತು.

"ನಾನೇನೂ ಯೋಳಲ್ಲಪ್ಪ. ಬಂದ್ರೆ ಮಾತಾಡಾನ."

ತಮ್ಮನಿಗೂ ಇಷ್ಟನ್ನೇ ಹೇಳಿದೆ, ಒಂದಕ್ಷರ ಹೆಚ್ಚಿಲ್ಲ, ಕಡಿಮೆಯಿಲ್ಲ. ಆ ಭಾನುವಾರ ಬೆಳಿಗ್ಗೆ ಕಾರು ಮಿಲ್ಲಿನ ಮುಂದೆ ಬಂದು ನಿಂತಿತು. ಒಬ್ಬನನ್ನೇ ಕಳಿಸಿದರೆ ಅವನು ಒಳ್ಳೆಯ ಪಾಲು ಬರೆಸಿಕೊಂಡು ಬಿಡುತ್ತಾನೆಂದು ಇಬ್ಬರೂ ಬಂದಿದ್ದರು. ನಾನು ಕಡಲೆಬೇಳೆ ಬೇಯಲು ಹಾಕಿ ಹೊರಗೆ ಬರುವಷ್ಟರಲ್ಲಿ ತಮ್ಮ ಆ ಜಾಯಿಂಟನ್ನು ಬಿಚ್ಚಿ, ಎರಡು ಪೈಪನ್ನೂ ಹೊರಗೆಳೆದು ದಾರದಿಂದ ಅಳೆಯುತ್ತಿದ್ದ. ಅಣ್ಣ ಸೀಮೆಸುಣ್ಣ ಕೇಳುತ್ತಿದ್ದ.

"ಮೊದ್ಲು ದಿಕ್ಕು ನೋಡು," ಎಂದ ಅಣ್ಣ. "ಕಾರು ಬಡಗ್ಲಿಗೆ ನಿಂತದೆ. ಇಂಗೆ ನಿಂತ್ರೆ ಯಾವ್ದೂ ಮೂಡ್ಲಲ್ಲ. ಮೂಡ್ಲಿಗೆ ತಿರುಗಿಸ್ದೆ ನಾನು ಒಂದ್ ಗೆರೇನೂ ಎಳಿಯಲ್ಲ."

ಪೈಪು ಬಿಚ್ಚಿದ ಕಾರು ಸ್ಟಾರ್ಟ್ ಆಗುವುದಿಲ್ಲ. ತಳ್ಳಿಯೇ ತಿರುಗಿಸಬೇಕು. ನಮ್ಮ ಯಜಮಾನರು ತಕ್ಕಡಿಯ ಹಿಂದಿನಿಂದ, "ರಾಜಿ ಆಗಿದ್ದೋರ್ಗೆ ಯಾಕೆ ಹಚ್ಚಿಕೊಟ್ಟೆ?" ಎಂದು ಕಣ್ಣಲ್ಲೇ ಕೇಳಿದರು. ಅವರಿಗೆ ಬೇಳೆ ಉಕ್ಕದ ಹಾಗೆ ನೋಡಿಕೊಳ್ಳಿ ಎಂದು ಹೇಳಿ, ನಾನು ಸೆರಗು ಸಿಕ್ಕಿಸಿ ಸ್ಟೇರಿಂಗ್ ಹಿಡಿದು ಕೂತೆ. ಅಪ್ಪನ ಕಾರಿನಲ್ಲಿ ಆ ಸೀಟಿನಲ್ಲಿ ನಾನು ಕೂತದ್ದು ಅದೇ ಮೊದಲು. ಹಿಂದೆ ಅಣ್ಣ ಒಂದು ಮೂಲೆಗೆ, ತಮ್ಮ ಇನ್ನೊಂದು ಮೂಲೆಗೆ ಕೈ ಕೊಟ್ಟರು. ನೀನು ತಳ್ಳುತ್ತಿಲ್ಲ ಎಂದು ಇವನು, ನೀನು ತಳ್ಳುತ್ತಿಲ್ಲ ಎಂದು ಅವನು. ಕಾರು ಮಿಲ್ಲಿನ ಮುಂದಿನ ಬಯಲಿನಲ್ಲಿ ನಿಧಾನವಾಗಿ ತಿರುಗಿತು. ಬಾಗಿಲ ಕನ್ನಡಿಯಲ್ಲಿ ಇಬ್ಬರ ತಲೆಯೂ ಕಾಣುತ್ತಿತ್ತು, ಎರಡೂ ನರೆತದ್ದು, ಎರಡೂ ಬೆವರಿದ್ದು.

"ಬಂತಾ ಅಕ್ಕ, ಮೂಡ್ಲು?" ಎಂದು ತಮ್ಮ ಏದುಸಿರಿನಲ್ಲಿ ಕೂಗಿದ.

ಸೂರ್ಯ ನೇರವಾಗಿ ನನ್ನ ಕಣ್ಣಿಗೆ ಹೊಡೆಯುತ್ತಿದ್ದ.

"ಇನ್ನೂ ಇಲ್ಲ," ಎಂದೆ. "ಇನ್ನೊಂಚೂರು ತಳ್ರಿ."